ನೀರಿಗಾಗಿ ಕಾಯುವ ಗಿಡ

ವಿಲೆ ಪಾರ್ಲೆ ಪೂರ್ವದ ಹಳೆಯ ಬಂಗಲೆಯೊಂದರ ಪಕ್ಕದ ಜಾಗದಲ್ಲಿ, ಹಸಿರು ಶೇಡ್ ನೆಟ್ಟಿನ ಕೆಳಗೆ, ಒಂದು ಕುಟುಂಬ ಬಹುಕಾಲದಿಂದ ನರ್ಸರಿ ನಡೆಸುತ್ತಿದೆ. ಗಂಡನ ಜೊತೆ ಸೇರಿ ಅದನ್ನು ಕಟ್ಟಿದ ಹಿರಿಯಾಕೆ ಉಡುಪಿ ಕಡೆಯ ಶಂಕರಪುರದ ಮಲ್ಲಿಗೆ ಬೆಳೆಯುವ ಮನೆಯವರು. ಕಿರಿಯಾಕೆ ಅವರ ತಂಗಿಯ ಮಗಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಆಕ್ಯುಪೇಷನಲ್ ಥೆರಪಿಸ್ಟ್. ಬಂಗಲೆ ಈಗ ರೀಡೆವಲಪ್‌ಮೆಂಟಿಗೆ ಹೋಗಲಿದೆ. ನರ್ಸರಿ ಉಳಿಯಬೇಕೇ, ಉಳಿಯುವುದಾದರೆ ಯಾವುದಕ್ಕಾಗಿ ಎಂಬುದು ಇಬ್ಬರ ನಡುವಿನ ಮಾತು.

ಕಿರಿಯಾಕೆ: ದೊಡ್ಡಮ್ಮ, ಬಿಲ್ಡರನ ಜೊತೆ ಮಾತಾಡುತ್ತಿರುವ ಅಣ್ಣ ನರ್ಸರಿ ಮುಚ್ಚೋಣ ಎನ್ನುವುದರಲ್ಲಿ ತಪ್ಪಿಲ್ಲ. ಹೊಸ ಕಟ್ಟಡದಲ್ಲಿ ನೆಲದ ಮೇಲೆ ಜಾಗ ಸಿಗುವುದಿಲ್ಲ, ಅದೆಲ್ಲ ಪಾರ್ಕಿಂಗಿಗೆ ಹೋಗುತ್ತದೆ. ಗಿಡ ಬೇಕಾದವರು ಫೋನಿನಲ್ಲೇ ತರಿಸಿಕೊಳ್ಳುತ್ತಾರೆ. ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಸಾಕು ಅನ್ನಿಸುವುದಿಲ್ಲವೇ?

ಹಿರಿಯಾಕೆ: ಗಿಡ ಮಾರುವುದಷ್ಟೇ ಆಗಿದ್ದರೆ ಸಾಕು ಅನ್ನಿಸುತ್ತಿತ್ತು ಮಗಾ. ಇಲ್ಲಿಗೆ ಬರುವವರಲ್ಲಿ ಎಷ್ಟೋ ಜನ ಏನೂ ಕೊಳ್ಳುವುದಿಲ್ಲ. ಗಂಡ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ಒಬ್ಬರು ಸಂಜೆ ಸಂಜೆ ಬಂದು ಒಣಗಿದ ಎಲೆ ಕಿತ್ತು ಹೋಗುತ್ತಿದ್ದರು. ಆಮೇಲೆ ಒಂದು ತುಳಸಿ ಒಯ್ದರು. ಆಮೇಲೆ ಅದರ ಸುದ್ದಿ ಹೇಳಲಿಕ್ಕೆ ಬರತೊಡಗಿದರು, ಮಾತು ಹಾಗೆ ಮರಳಿತು. ಇದು ಮುಚ್ಚಿದರೆ ಅಂಥವರು ಹೋಗುವುದೆಲ್ಲಿಗೆ?

ಕಿರಿಯಾಕೆ: ಹಸಿರಿಗೆ ಆ ಶಕ್ತಿ ಇದೆ ಅನ್ನುವುದನ್ನು ನಾವೂ ಓದಿದ್ದೇವೆ. ರೋಜರ್ ಉಲ್ರಿಚ್ ಎಂಬವರು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರ ನಡುವೆ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ಅವರು ಜೋಡಿ ಜೋಡಿಯಾಗಿ ಹೋಲಿಸಿದರು. ಒಬ್ಬರ ಕಿಟಕಿಯಾಚೆ ಮರ, ಇನ್ನೊಬ್ಬರ ಕಿಟಕಿಯಾಚೆ ಇಟ್ಟಿಗೆ ಗೋಡೆ. ಅಂಥ 23 ಜೋಡಿ. ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಮದ್ದು ಅವರಿಗೆ ಕಡಿಮೆ ಸಾಕಾಯಿತು. ಕಣ್ಣಿಗೆ ಹಸಿರು ಬಿದ್ದರೆ ಸಾಕು ಅನ್ನುವಂತಿದೆ ಇದು. ಹಾಗಾದರೆ ಕಟ್ಟಡದ ಸುತ್ತ ನಾಲ್ಕು ಮರ ಉಳಿಸಿಕೊಂಡರೆ ಆಯಿತಲ್ಲ, ನರ್ಸರಿಯೇ ಯಾಕೆ?

ಹಿರಿಯಾಕೆ: ಕಿಟಕಿಯಾಚೆಯ ಮರ ಒಳ್ಳೆಯದೇ. ಅದು ಬೇಡ ಅಂತ ಯಾರು ಹೇಳುತ್ತಾರೆ? ಆದರೆ ಆ ಮರಕ್ಕೆ ನಿನ್ನಿಂದ ಆಗಬೇಕಾದ್ದು ಏನೂ ಇಲ್ಲ. ನೀನು ನೋಡಿದರೂ ಅದು ಇರುತ್ತದೆ, ನೋಡದಿದ್ದರೂ ಇರುತ್ತದೆ. ಕುಂಡದಲ್ಲಿರುವ ತುಳಸಿ ಹಾಗಲ್ಲ. ಏಪ್ರಿಲ್ ತಿಂಗಳ ಪಾರ್ಲೆಯ ಬಿಸಿಲಿನಲ್ಲಿ ನೀರು ಹಾಕದಿದ್ದರೆ ಸಂಜೆಗೆ ತಲೆ ಬಾಗಿಸುತ್ತದೆ. ಕಾಯಿಲೆ ಬಿದ್ದವರ ಸ್ಥಿತಿ ನೋಡು: ಅವರಿಗೆ ಒಬ್ಬರು ಊಟ ಕೊಡುತ್ತಾರೆ, ಒಬ್ಬರು ಮಾತ್ರೆ ಕೊಡುತ್ತಾರೆ, ಒಬ್ಬರು ಸ್ನಾನ ಮಾಡಿಸುತ್ತಾರೆ. ಕೊಡುವವರೇ ಎಲ್ಲರೂ. ಅವರಿಂದ ಏನಾದರೂ ಬೇಕು ಅನ್ನುವವರು ಒಬ್ಬರೂ ಇಲ್ಲ. ಮನುಷ್ಯ ಕುಗ್ಗುವುದು ಅಲ್ಲಿಯೇ. ಗಿಡ ಒಂದೇ ಅವರ ಹತ್ತಿರ ‘ನನಗೆ ನೀನು ಬೇಕು’ ಅನ್ನುವುದು.

ಕಿರಿಯಾಕೆ: ನೀವು ಹೇಳಿದ್ದಕ್ಕೆ ತೀರ ಹತ್ತಿರದ ಒಂದು ಪ್ರಯೋಗವೇ ನಡೆದಿದೆ. 1976ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಎರಡು ಮಹಡಿಯ ಹಿರಿಯರಿಗೆ ಗಿಡ ಕೊಟ್ಟರು. ಒಂದು ಮಹಡಿಯವರಿಗೆ ‘ಇದು ನಿಮ್ಮದು, ಬೇಕಾದ್ದು ಆರಿಸಿಕೊಳ್ಳಿ, ನೋಡಿಕೊಳ್ಳುವ ಹೊಣೆ ನಿಮ್ಮದೇ’ ಎಂದರು. ಇನ್ನೊಂದು ಮಹಡಿಯವರಿಗೆ ‘ಇದು ನಿಮಗಾಗಿ, ನೀರನ್ನು ದಾದಿಯರು ಹಾಕುತ್ತಾರೆ’ ಎಂದರು. ಎರಡೂ ಕಡೆ ಇದ್ದದ್ದು ಹಸಿರೇ. ಆದರೂ ಹೊಣೆ ಹೊತ್ತವರು ಹೆಚ್ಚು ಚುರುಕಾದರು, ಹೆಚ್ಚು ಬೆರೆತರು, ತಾವು ಖುಷಿಯಾಗಿದ್ದೇವೆ ಎಂದರು.

ಹಿರಿಯಾಕೆ: ನೋಡು ಮತ್ತೆ!

ಕಿರಿಯಾಕೆ: ಸ್ವಲ್ಪ ತಾಳಿ. ಆ ಮಹಡಿಯವರಿಗೆ ಗಿಡ ಮಾತ್ರ ಕೊಟ್ಟದ್ದಲ್ಲ. ಕೋಣೆಯ ಸಾಮಾನು ಹೇಗೆ ಜೋಡಿಸಬೇಕು, ಸಿನಿಮಾ ಯಾವತ್ತು ನೋಡಬೇಕು ಎಂಬುದನ್ನೂ ಅವರಿಗೇ ಬಿಟ್ಟಿದ್ದರು. ಹಾಗಾಗಿ ಗೆದ್ದದ್ದು ಗಿಡವೋ, ತಮ್ಮ ಬದುಕು ತಮ್ಮ ಕೈಯಲ್ಲಿದೆ ಎಂಬ ಭಾವನೆಯೋ ಎಂದು ಬಿಡಿಸಿ ಹೇಳಲಾಗದು. ಜನರ ಸಂಖ್ಯೆಯೂ ಸಣ್ಣದು, ನೂರರ ಒಳಗೆ. ಒಂದೇ ಪ್ರಯೋಗದ ಮೇಲೆ ಅರಮನೆ ಕಟ್ಟಬಾರದು.

ಹಿರಿಯಾಕೆ: ಕಟ್ಟುವುದು ಬೇಡ. ಆದರೆ ನಾನು ಹೇಳುವುದೂ ಅದನ್ನೇ ಅಲ್ಲವೇ? ಎಲೆಯ ಬಣ್ಣಕ್ಕಿಂತ ಹೊಣೆ ದೊಡ್ಡದು. ಹೊಣೆಯನ್ನು ಕಾಯಿಲೆಯವರ ಕೈಗೆ ಕೊಡಲಿಕ್ಕೆ ಗಿಡದಷ್ಟು ಸಣ್ಣದು, ಸೋವಿಯದು ಬೇರೇನುಂಟು? ಮಗುವನ್ನು ಕೊಡಲಿಕ್ಕಾಗುವುದಿಲ್ಲ, ದನವನ್ನು ಕೊಡಲಿಕ್ಕಾಗುವುದಿಲ್ಲ. ಬಸಳೆಯ ಒಂದು ಗೆಣ್ಣು ಕೊಡಬಹುದು.

ಕಿರಿಯಾಕೆ: ನಮ್ಮ ವೃತ್ತಿಯ ಬೇರೂ ಅಲ್ಲೇ ಇದೆ, ದೊಡ್ಡಮ್ಮ. ಫಿಲಡೆಲ್ಫಿಯಾದಲ್ಲಿ ಕ್ವೇಕರ್ ಪಂಥದವರು 1813ರಲ್ಲಿ ಮನೋರೋಗಿಗಳಿಗಾಗಿ ಒಂದು ಆಸ್ಪತ್ರೆ ಸ್ಥಾಪಿಸಿದರು. ಮನೋರೋಗಿಗಳಿಗೆ ಸರಪಳಿ ಹಾಕುತ್ತಿದ್ದ ಕಾಲ ಅದು. ಇವರು ದಯೆಯಿಂದ ನಡೆಸಿಕೊಂಡು, ಕೆಲಸ ಕೊಟ್ಟರು. 1879ರಲ್ಲಿ ಅಲ್ಲಿ ರೋಗಿಗಳಿಗಾಗಿಯೇ ಒಂದು ಗಾಜಿನ ಹಸಿರುಮನೆ ಎದ್ದಿತು. ಇನ್ನು ನಮ್ಮ ಕಡೆಗೆ ಬಂದರೆ, ಅಮೆರಿಕದ ಕ್ವೇಕರ್ ಮನೆತನದಲ್ಲಿ ಹುಟ್ಟಿ, ಮಹಾರಾಷ್ಟ್ರದ ಮನೆಗೆ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು 1950ರಲ್ಲಿ ನಮ್ಮ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಅವರ ಮಗ ಬನಬಿಹಾರಿ ನಿಂಬಕರ್ ಫಲಟಣದಲ್ಲಿ 1968ರಲ್ಲಿ ಕೃಷಿ ಸಂಶೋಧನ ಸಂಸ್ಥೆ ಕಟ್ಟಿದರು. ತಾಯಿ ಕೈಗಳಿಗೆ ಕೆಲಸ ಮರಳಿಸಿದರು, ಮಗ ಮಣ್ಣಿಗೆ ಕೈ ಹಾಕಿದರು.

ಹಿರಿಯಾಕೆ: ಒಂದೇ ಮನೆಯಲ್ಲಿ ಎರಡೂ! ಇದು ನನಗೆ ಗೊತ್ತಿರಲಿಲ್ಲ. ನಮ್ಮ ಕರ್ನಾಟಕದಲ್ಲಿ ಹಾಗೆ ಎಲ್ಲಾದರೂ ಮಾಡಿಸುತ್ತಾರಾ?

ಕಿರಿಯಾಕೆ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡಿಸುತ್ತಾರೆ. ಅಲ್ಲಿನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮರಗೆಲಸ, ಹೊಲಿಗೆಯ ಜೊತೆಗೆ ತೋಟಗಾರಿಕೆಯೂ ಒಂದು. ದೀರ್ಘ ಕಾಲದ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಮಾತ್ರೆ ಲಕ್ಷಣಗಳನ್ನು ಹಿಡಿತಕ್ಕೆ ತರುತ್ತದೆ. ಆದರೆ ಬೆಳಗ್ಗೆ ಏಳುವುದಕ್ಕೆ ಒಂದು ಕಾರಣ, ಇಷ್ಟು ಹೊತ್ತು ಕುಳಿತು ಒಂದು ಕೆಲಸ ಮುಗಿಸುವ ರೂಢಿ, ಪಕ್ಕದವರ ಜೊತೆ ಹಂಚಿಕೊಂಡು ದುಡಿಯುವ ಧೈರ್ಯ, ಇವನ್ನು ಕೆಲಸವೇ ಕಲಿಸಬೇಕು.

ಹಿರಿಯಾಕೆ: ಕೈಗೂ ಆಗುತ್ತದಲ್ಲ? ಪಾರ್ಶ್ವವಾಯು ಆಗಿದ್ದ ಒಬ್ಬ ಮೇಷ್ಟ್ರು ಇಲ್ಲಿ ಕುಳಿತು ಟ್ರೇಯಲ್ಲಿ ಸಸಿ ಊರುತ್ತಿದ್ದರು. ಮೊದಮೊದಲು ಎಡಗೈಯಲ್ಲಿ ಬಲಗೈಯನ್ನು ಹಿಡಿದು ತರುತ್ತಿದ್ದರು.

ಕಿರಿಯಾಕೆ: ಅದು ನಾವು ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಗೂಟಗಳನ್ನು ಇಟ್ಟು ಮಾಡಿಸುವ ಅಭ್ಯಾಸವೇ. ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಹಿಡಿಯುವುದು, ಒತ್ತಡ ಎಷ್ಟೆಂದು ಅಳೆಯುವುದು, ಬಿಡುವುದು. ಗೂಟವನ್ನು ಗಟ್ಟಿಯಾಗಿ ಹಿಡಿದರೂ ಅದಕ್ಕೇನೂ ಆಗದು. ಸಸಿಯ ದಂಟು ನಲುಗಿ ಹೋಗುತ್ತದೆ. ಹಾಗಾಗಿ ಕೈ ತಾನಾಗಿಯೇ ಹದ ಕಲಿಯುತ್ತದೆ. ರೋಗಿಗಳು ಗೂಟದಿಂದ ಬೇಗ ಬೇಸರಗೊಳ್ಳುತ್ತಾರೆ. ಸಸಿಯಿಂದ ಅಷ್ಟು ಬೇಗ ಬೇಸರವಾಗದು, ಯಾಕೆಂದರೆ ನಾಳೆ ಅದು ಇಂದಿನ ಹಾಗೆ ಇರುವುದಿಲ್ಲ.

ಹಿರಿಯಾಕೆ: ಮತ್ತೆ ಮನಸ್ಸಿಗೆ?

ಕಿರಿಯಾಕೆ: ನೆದರ್ಲೆಂಡ್ಸ್‌ನಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ತುಂಡು ಜಾಗದಲ್ಲಿ ತೋಟ ಮಾಡುವ 30 ಜನರಿಗೆ ಮೊದಲು ತಲೆ ಕೆಡಿಸುವ ಒಂದು ಪರೀಕ್ಷೆ ಕೊಟ್ಟರು. ಆಮೇಲೆ ಅರ್ಧ ಜನ ಅರ್ಧ ಗಂಟೆ ತೋಟದ ಕೆಲಸ ಮಾಡಿದರು, ಉಳಿದವರು ಒಳಗೆ ಕುಳಿತು ಓದಿದರು. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಎರಡೂ ಗುಂಪಿನಲ್ಲಿ ಇಳಿಯಿತು. ತೋಟದವರಲ್ಲಿ ಹೆಚ್ಚು ಇಳಿಯಿತು. ಆಸ್ಟ್ರೇಲಿಯಾದ ಡಬ್ಬೋ ಊರಿನಲ್ಲಿ 60 ದಾಟಿದ 2805 ಜನರನ್ನು 16 ವರ್ಷ ಗಮನಿಸಿದಾಗ, ದಿನವೂ ತೋಟದ ಕೆಲಸ ಮಾಡುತ್ತಿದ್ದವರಲ್ಲಿ ಮರೆಗುಳಿ ಕಾಯಿಲೆಯ ಅಪಾಯ ಶೇಕಡ 36ರಷ್ಟು ಕಡಿಮೆ ಕಂಡಿತು. ಆದರೆ ಮೈಯಲ್ಲಿ ಶಕ್ತಿ ಇದ್ದವರೇ ತೋಟಕ್ಕೆ ಇಳಿದಿರಲೂಬಹುದು. ಹಾಗಾಗಿ ಇದನ್ನು ಭರವಸೆ ಎನ್ನಬೇಕು, ಗ್ಯಾರಂಟಿ ಎನ್ನಬಾರದು.

ಹಿರಿಯಾಕೆ: ನಿನ್ನ ಎಚ್ಚರ ನನಗೆ ಇಷ್ಟವಾಗುತ್ತದೆ. ನಾನೂ ಯಾರಿಗೂ ‘ಗಿಡ ನೆಡಿ, ಮಾತ್ರೆ ಬಿಡಿ’ ಅಂದವಳಲ್ಲ. ಆದರೆ ನಿಮ್ಮ ಪುಸ್ತಕದಲ್ಲಿ ಇಲ್ಲದ ಒಂದು ಮಾತು ಹೇಳುತ್ತೇನೆ. ಗಿಡ ಸಾಯುತ್ತದೆ. ನರ್ಸರಿಯವರಿಗೆ ಅದು ದಿನದ ಸಂಗತಿ. ದಾಸವಾಳದ ಕಡ್ಡಿ ಒಂದು ಸಾಲು ಊರಿದರೆ ಎಲ್ಲವೂ ಚಿಗುರುವುದುಂಟಾ? ದುಃಖದಲ್ಲಿ ಇರುವವರಿಗೆ ಅದು ಹೊಸ ಪೆಟ್ಟು. ‘ನನ್ನ ಕೈ ತಾಗಿದ್ದೆಲ್ಲ ಹೀಗೇ’ ಅಂದುಕೊಳ್ಳುತ್ತಾರೆ. ಆದ್ದರಿಂದ ಮನಸ್ಸು ಮುರಿದು ಬಂದವರಿಗೆ ನಾನು ಗುಲಾಬಿ ಕೊಡುವುದೇ ಇಲ್ಲ. ಹಿಟ್ಟು ತಿಗಣೆ, ಕಪ್ಪು ಚುಕ್ಕೆ, ಮಳೆಗಾಲ ಶುರುವಾದ ಕೂಡಲೇ ಎಲೆ ಉದುರುವುದು, ಅದಕ್ಕೆ ನೂರು ತಕರಾರು.

ಕಿರಿಯಾಕೆ: ಮತ್ತೆ ಏನು ಕೊಡುತ್ತೀರಿ?

ಹಿರಿಯಾಕೆ: ಬಸಳೆ, ದೊಡ್ಡಪತ್ರೆ, ಒಂದೆಲಗ. ಗೆಣ್ಣು ಮಣ್ಣಿಗೆ ತಾಗಿದರೆ ಸಾಕು, ಬೇರು ಬಿಡುತ್ತದೆ. ಒಂದು ಕೊಡುವುದಿಲ್ಲ, ಮೂರು ನಾಲ್ಕು ಕಡ್ಡಿ ಕೊಡುತ್ತೇನೆ. ಒಂದು ಹೋದರೂ ಉಳಿದದ್ದು ಇರುತ್ತದೆ. ಹೋದದ್ದನ್ನು ಎಸೆಯದೆ ಇಲ್ಲಿಗೆ ತನ್ನಿ ಅನ್ನುತ್ತೇನೆ. ಬೇರು ಬಿಡಿಸಿ ತೋರಿಸುತ್ತೇನೆ: ಕಪ್ಪಾಗಿ ಕೊಳೆತಿದ್ದರೆ ನೀರು ಹೆಚ್ಚಾಯಿತು, ಒಣಗಿ ನಾರಾಗಿದ್ದರೆ ಕಡಿಮೆಯಾಯಿತು. ಸಾವಿಗೆ ಒಂದು ಕಾರಣ ಇತ್ತು, ಅದು ನಮ್ಮ ಹಣೆಬರಹ ಅಲ್ಲ ಅಂತ ಅವರಿಗೆ ಗೊತ್ತಾಗಬೇಕು. ಎರಡನೇ ಸಲ ಬಸಳೆ ಚಪ್ಪರಕ್ಕೆ ಹತ್ತಿ, ಅದರ ಸೊಪ್ಪಿನ ಪದಾರ್ಥ ಮಾಡಿ ಅವರೇ ಉಂಡಾಗ ಆಗುವ ಸಂತೋಷ ಬೇರೆಯೇ. ಫೋನಿನಲ್ಲಿ ಗಿಡ ಕಳಿಸುವವರು ಸತ್ತ ಗಿಡವನ್ನು ಹೀಗೆ ಬಿಡಿಸಿ ತೋರಿಸುತ್ತಾರಾ?

ಕಿರಿಯಾಕೆ: ಹೌದು, ಇದು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ. ನಾನು ಎರಡು ಎಚ್ಚರ ಸೇರಿಸುತ್ತೇನೆ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಲ್ಲಿ ಇಲ್ಲಿ ಓಡಾಡಬಾರದು. ಕಾಲಿಗೆ ಗಾಯವಾದರೂ ಅವರಿಗೆ ತಿಳಿಯದೆ ಹೋಗಬಹುದು. ಕಿಮೋಥೆರಪಿಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ತಮ್ಮ ಡಾಕ್ಟರನ್ನು ಕೇಳದೆ ಮಣ್ಣಿಗೆ, ಗೊಬ್ಬರಕ್ಕೆ ಕೈ ಹಾಕಬಾರದು. ಉಳಿದವರಿಗೂ ಗ್ಲೌಸ್, ಧನುರ್ವಾಯುವಿನ ಚುಚ್ಚುಮದ್ದು ಬೇಕು.

ಹಿರಿಯಾಕೆ: ಕುಂಡದ ಕೆಳಗಿನ ತಟ್ಟೆಯನ್ನು ಬಿಟ್ಟೆಯಲ್ಲ! ಮಳೆಗಾಲದಲ್ಲಿ ಬಿಎಂಸಿಯವರು ಮನೆ ಮನೆಗೆ ಬಂದು ನೋಡುವುದು ಅದನ್ನೇ. ಡೆಂಗಿಯ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆ ಇಡುವುದು. ವಾರಕ್ಕೊಮ್ಮೆ ತಟ್ಟೆ ಖಾಲಿ ಮಾಡಿ ಉಜ್ಜಿ ತೊಳೆದರೆ ಮರಿ ಸೊಳ್ಳೆಯಾಗಿ ಏಳುವುದಿಲ್ಲ. ಗಿಡ ಕೊಟ್ಟವರು ಇದನ್ನೂ ಹೇಳಿ ಕೊಡಬೇಕು. ಮನಸ್ಸಿಗೆ ನೆಮ್ಮದಿ ಅಂತ ಕೊಟ್ಟು ಮನೆಗೆ ಜ್ವರ ಕಳಿಸಬಾರದು.

ಕಿರಿಯಾಕೆ: ಆದರೂ ಕುಟುಂಬದವರೇ ನಡೆಸಬೇಕು ಅನ್ನುವುದು ಯಾಕೆ? ಸರ್ಕಾರ ನಡೆಸಬಹುದು, ದೊಡ್ಡ ಕಂಪನಿ ನಡೆಸಬಹುದು.

ಹಿರಿಯಾಕೆ: ನಡೆಸಲಿ, ಬೇಡ ಅನ್ನುವುದಿಲ್ಲ. ಬೆಂಗಳೂರಿನ ಲಾಲ್‌ಬಾಗಿನಿಂದ ಡಾ. ಮರಿಗೌಡರು ಜಿಲ್ಲೆ ಜಿಲ್ಲೆಗೆ ತೋಟಗಾರಿಕೆ ಫಾರಂ, ನರ್ಸರಿ ಕಟ್ಟಿಸಿದ್ದಕ್ಕೇ ಕರ್ನಾಟಕದ ಬಡ ರೈತನಿಗೂ ಒಳ್ಳೆಯ ಕಸಿ ಗಿಡ ಸಿಕ್ಕಿತು. ಮಂಗಳೂರಿನ ಮನಮೋಹನ ಅತ್ತಾವರರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆರಂಭಿಸಿ, ಹಸಿರುಮನೆಯ ಬೇಸಾಯ ಏನೆಂದು ಈ ದೇಶಕ್ಕೆ ತೋರಿಸಿದರು. 1973ರಲ್ಲಿ ಅವರು ತಂದ ಹೈಬ್ರಿಡ್ ಟೊಮೇಟೊಗೆ ‘ಕರ್ನಾಟಕ’ ಎಂದೇ ಹೆಸರು, ದೊಣ್ಣೆಮೆಣಸಿಗೆ ‘ಭಾರತ್’. ದೊಡ್ಡದಕ್ಕೆ ದೊಡ್ಡ ಕೆಲಸ ಉಂಟು. ಆದರೆ ಲಾಲ್‌ಬಾಗಿನ ಮಗ್ಗುಲಿನ ಸಿದ್ದಾಪುರದಲ್ಲಿ ತಲೆಮಾರುಗಳಿಂದ ಗಿಡ ಮಾಡಿಕೊಂಡು ಬಂದ ಮನೆಗಳನ್ನು ನೋಡಿದ್ದೀಯಾ? ಅಪ್ಪ ಕಸಿ ಕಟ್ಟುವುದನ್ನು ನೋಡಿ ಮಗ ಕಲಿತದ್ದು. ಯಾವ ಮಾವು ಯಾರ ಹಿತ್ತಲಿಗೆ ಹೋಯಿತು ಅನ್ನುವುದು ಅಲ್ಲಿ ನೆನಪಿನಲ್ಲಿ ಇರುತ್ತದೆ.

ಕಿರಿಯಾಕೆ: ಶಂಕರಪುರದಲ್ಲೂ ಹಾಗೆಯೇ?

ಹಿರಿಯಾಕೆ: ನಮ್ಮಲ್ಲಿ ನರ್ಸರಿ ಅಂತ ಬೋರ್ಡೇ ಇರಲಿಲ್ಲ. ಅಂಗಳವೇ ತೋಟ. ಬೆಳಗಾಗುವ ಮೊದಲು ಅಮ್ಮ, ಅಜ್ಜಿ, ನಾವು ಮಕ್ಕಳು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟುತ್ತಿದ್ದೆವು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದುಡ್ಡು ಹೆಂಗಸರದ್ದೇ. ಉಡುಪಿ ಮಲ್ಲಿಗೆಗೆ ಈಗ ಜಿಐ ಮಾನ್ಯತೆಯೂ ಉಂಟು, ಮುಂಬಯಿಗೂ ಅದು ಬರುತ್ತದೆ. ಮದುವೆಯಾಗಿ ಪಾರ್ಲೆಗೆ ಬಂದಾಗ ನನಗೆ ಭಾಷೆ ಗೊತ್ತಿರಲಿಲ್ಲ, ನೆರೆಯವರು ಗೊತ್ತಿರಲಿಲ್ಲ. ಊರಿನಿಂದ ತಂದ ಮಲ್ಲಿಗೆಯ ಕಡ್ಡಿ ಚಿಗುರಿದ ಮೇಲೆಯೇ ಇಲ್ಲಿ ಬಾಳಬಹುದು ಅನ್ನಿಸಿದ್ದು. ಪಕ್ಕದ ಮನೆಯ ಮರಾಠಿ ಅಜ್ಜಿ ಹೂವಿನ ವಾಸನೆ ಹಿಡಿದು ಬಂದು ಒಂದು ಕಡ್ಡಿ ಕೇಳಿದರು. ನಮ್ಮ ನರ್ಸರಿಯ ಮೊದಲ ಗಿರಾಕಿ ಅವರೇ. ನಾನು ದುಡ್ಡು ತೆಗೆದುಕೊಳ್ಳಲಿಲ್ಲ, ಅವರು ನನಗೆ ಮರಾಠಿ ಕಲಿಸಿದರು.

ಕಿರಿಯಾಕೆ: ಅಂದರೆ ಮೊದಲು ಗುಣವಾದದ್ದು ನೀವು.

ಹಿರಿಯಾಕೆ: ಹೌದು. ಆದ್ದರಿಂದಲೇ ಇದನ್ನು ಅಂಗಡಿ ಅಂತ ಮಾತ್ರ ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ.

ಕಿರಿಯಾಕೆ: ಹಾಗಾದರೆ ಜಾಗದ ಮಾತಿಗೆ ಬರೋಣ. ನೆಲದ ಮೇಲೆ ಇಲ್ಲದಿದ್ದರೆ ಟೆರೇಸಿನ ಮೇಲೆ ಮಾಡಬಹುದು. ವಿಮಾನ ಇಳಿಯುವ ದಾರಿಯ ಕೆಳಗಿರುವುದರಿಂದ ಪಾರ್ಲೆಯಲ್ಲಿ ಬಹಳ ಕಡೆ ಕಟ್ಟಡಗಳ ಎತ್ತರಕ್ಕೆ ಮಿತಿ ಇದೆ. ಮೂವತ್ತು ನಲವತ್ತು ಮಹಡಿಯ ಮೇಲೆ ಗಾಳಿಗೆ ಗಿಡ ನಿಲ್ಲುವುದು ಕಷ್ಟ. ಇಲ್ಲಿನ ತಗ್ಗು ಟೆರೇಸುಗಳಲ್ಲಿ ಆ ತೊಂದರೆ ಕಡಿಮೆ. ಮುಂಬಯಿಗೆ ಇದು ಹೊಸದೂ ಅಲ್ಲ. ಅರ್ಥಶಾಸ್ತ್ರಜ್ಞರಾಗಿದ್ದ ಡಾ. ಆರ್. ಟಿ. ದೋಷಿಯವರು ಕಬ್ಬಿನ ಸಿಪ್ಪೆ ತುಂಬಿದ ಚೀಲಗಳಲ್ಲಿ ಸ್ವಲ್ಪವೇ ಮಣ್ಣು ಹಾಕಿ ಟೆರೇಸಿನ ಮೇಲೆ ಹಣ್ಣು, ತರಕಾರಿ ಬೆಳೆದು ತೋರಿಸಿದರು. ಮುಂಬಯಿ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ಉಸ್ತುವಾರಿ ನೋಡುತ್ತಿದ್ದ ಪ್ರೀತಿ ಪಾಟೀಲರು 2002ರ ಸುಮಾರಿಗೆ ಅಲ್ಲಿಯ ತರಕಾರಿ ಸಿಪ್ಪೆಯನ್ನೇ ಗೊಬ್ಬರ ಮಾಡಿ, ಅದೇ ಕಟ್ಟಡದ ಸುಮಾರು 3000 ಚದರಡಿ ಟೆರೇಸನ್ನು ತೋಟ ಮಾಡಿದರು.

ಹಿರಿಯಾಕೆ: ಮಾಹಿಮಿನ ಉದ್ಯಾನವೂ ಇದೆಯಲ್ಲ. ಮೊದಲು ಅದು ಕಸದ ರಾಶಿ.

ಕಿರಿಯಾಕೆ: ಹೌದು, ಮಹಾರಾಷ್ಟ್ರ ನೇಚರ್ ಪಾರ್ಕ್. ಕಸ ಸುರಿಯುವುದನ್ನು ನಿಲ್ಲಿಸಿದ ಜಾಗದಲ್ಲಿ 1983ರಲ್ಲಿ ಸಲೀಂ ಅಲಿಯವರು ಮೊದಲ ಗಿಡ ನೆಟ್ಟರು, 1994ರಲ್ಲಿ ಅದು ಜನರಿಗೆ ತೆರೆಯಿತು. 37 ಎಕರೆ ಕಸದ ಮೇಲೆ ಕಾಡು ಬೆಳೆಸಿದ ಊರಿನಲ್ಲಿ ಒಂದು ಟೆರೇಸಿನ ಮೇಲೆ ನರ್ಸರಿ ನಡೆಸಲಾಗದು ಎಂದರೆ ನಾನು ಒಪ್ಪುವುದಿಲ್ಲ. ಆದರೆ ಅಣ್ಣನಿಗೆ ಲೆಕ್ಕ ಬೇಕು. ಒದ್ದೆ ಮಣ್ಣು ಒಂದು ಘನ ಮೀಟರಿಗೆ ಒಂದೂವರೆ ಟನ್ನಿಗೂ ಮೇಲೆ ತೂಗುತ್ತದೆ. ಸ್ಲ್ಯಾಬ್ ಹಾಕುವ ಮೊದಲೇ ಎಂಜಿನಿಯರಿಗೆ ಇದನ್ನು ಹೇಳಬೇಕು.

ಹಿರಿಯಾಕೆ: ಮಣ್ಣು ಕಡಿಮೆ ಮಾಡಬಹುದು. ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಸ್ವಲ್ಪ ಕೆಂಪು ಮಣ್ಣು, ಒಂದು ಹಿಡಿ ಬೇವಿನ ಹಿಂಡಿ. ನೀನು ಹೇಳಿದ ಫಿಲಡೆಲ್ಫಿಯಾದ ಗಾಜಿನ ಮನೆ ಇಲ್ಲಿಗೆ ಬೇಡ. ಅದು ಚಳಿ ದೇಶದಲ್ಲಿ ಬಿಸಿಲನ್ನು ಹಿಡಿದಿಡಲಿಕ್ಕೆ. ನಮಗೆ ಬೇಕಾದ್ದು ಬಿಸಿಲನ್ನು ಅರ್ಧಕ್ಕೆ ಇಳಿಸುವ ನೆಟ್, ಜೂನಿನಿಂದ ಸೆಪ್ಟೆಂಬರ್ ತನಕ ಸಣ್ಣ ಸಸಿಗಳ ಮೇಲೆ ಮಳೆ ಬಡಿಯದ ಹಾಗೆ ಪಾರದರ್ಶಕ ಶೀಟು, ನಾಲ್ಕೂ ಕಡೆ ಗಾಳಿ. ನೀರಿನ ನಳ್ಳಿ ಎರಡು. ಕೆಳಗಿನ ಮನೆಗೆ ಸೋರದ ಹಾಗೆ ವಾಟರ್‌ಪ್ರೂಫಿಂಗ್; ಅದಕ್ಕೆ ಖರ್ಚಾದರೂ ಆಗಲಿ.

ಕಿರಿಯಾಕೆ: ಅಣ್ಣ ಒಪ್ಪಿದರೆ ನನ್ನದೂ ಒಂದು ಬೇಡಿಕೆ ಉಂಟು. ಒಂದು ಮೂಲೆಯಲ್ಲಿ ಸೊಂಟದೆತ್ತರದ ಮೇಜು ಹಾಕಿಸಬೇಕು, ಬಗ್ಗಲಾಗದವರು ನಿಂತು, ಗಾಲಿಕುರ್ಚಿಯವರು ಕುಳಿತು ಕೆಲಸ ಮಾಡುವ ಹಾಗೆ, ಕೆಳಗೆ ಮೊಣಕಾಲಿಗೆ ಜಾಗ ಬಿಟ್ಟು. ವಾರದಲ್ಲಿ ಒಂದು ದಿನ ನಾನು ಬರುತ್ತೇನೆ. ಡಾಕ್ಟರ ಒಪ್ಪಿಗೆ ಇರುವ ಕೆಲವೇ ಜನ. ಯಾರಿಗೆ ಯಾವ ಕೆಲಸ ಎಂದು ನಾನು ನೋಡುತ್ತೇನೆ, ಯಾರಿಗೆ ಯಾವ ಗಿಡ ಎಂದು ನೀವು ಹೇಳಿ. ಅವರು ಬೆಳೆಸಿದ ಸಸಿ ಮಾರಾಟಕ್ಕೇ ಹೋಗಬೇಕು, ಅದರ ದುಡ್ಡು ಅವರಿಗೇ ಸೇರಬೇಕು. ದಯೆಗೆ ಕೊಟ್ಟ ಕೆಲಸ ಅಂತ ಅವರಿಗೆ ಅನ್ನಿಸಬಾರದು.

ಹಿರಿಯಾಕೆ: ಈ ಮಾತು ನನಗೆ ಹಿಡಿಸಿತು. ಬೆಳೆದ ಸಸಿಯನ್ನು ಇನ್ನೊಬ್ಬರು ದುಡ್ಡು ಕೊಟ್ಟು ಒಯ್ದಾಗಲೇ ‘ನನ್ನಿಂದಲೂ ಈ ಊರಿಗೆ ಏನೋ ಆಗುತ್ತದೆ’ ಅಂತ ಗೊತ್ತಾಗುವುದು. ಆದರೆ ಮಗಾ, ಒಂದನ್ನು ನೀನು ಮರೆತೆ. ಪಾರ್ಲೆಯ ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ಕೊನೆಯ ಮಹಡಿಗೆ ನಿಲ್ಲುತ್ತದೆ, ಟೆರೇಸಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಗಾಲಿಕುರ್ಚಿಯವರು, ಮೊಣಕಾಲು ನೋವಿನವರು ಆ ಕೊನೆಯ ಮೆಟ್ಟಿಲ ಕೆಳಗೇ ಉಳಿಯುತ್ತಾರೆ. ಯಾರಿಗಾಗಿ ಇಷ್ಟೆಲ್ಲ ಮಾಡುತ್ತೇವೋ ಅವರೇ ಬರಲಾಗದಿದ್ದರೆ ಅದು ಬರೀ ಗಿಡದಂಗಡಿ. ನಾಳೆ ಬಿಲ್ಡರನ ಮುಂದೆ ಕೂರುವಾಗ ನಿನ್ನ ಅಣ್ಣನಿಗೆ ಹೇಳು: ನಮ್ಮ ಪಾಲಿಗೆ ಬರುವ ಜಾಗದಲ್ಲಿ ಬೇಕಾದರೆ ಸ್ವಲ್ಪ ಕಡಿಮೆ ಆಗಲಿ, ಲಿಫ್ಟ್ ಮಾತ್ರ ಟೆರೇಸಿನ ತನಕ ಬರಬೇಕು. ಅದನ್ನು ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ನಾನು ಸಹಿ ಹಾಕುವುದು.